ಗೋಡೆಗೆ ಮುಖ ಮಾಡಿದ ಕುರ್ಚಿ

ನಮ್ಮ ಸಲೂನಿನಲ್ಲಿರುವುದು ಎರಡೇ ಕುರ್ಚಿ. ಬಾಗಿಲ ಪಕ್ಕದ್ದು ನನ್ನದು. ಅದರ ಎದುರು ಕನ್ನಡಿಯಿದೆ. ಒಳಗಿನದು ಮಾವನದು; ಅದರ ಎದುರು ಗೋಡೆಯಿದೆ. ಸುಣ್ಣ ಬಳಿದ ಬರಿಗೋಡೆ, ಅದರಲ್ಲೊಂದು ಮೊಳೆ, ಮೊಳೆಗೆ ನೇತುಹಾಕಿದ್ದು ಏನೂ ಇಲ್ಲ. ಹೊಸ ಗಿರಾಕಿಗಳು ಅದನ್ನು ನೋಡಿ, ಗುಡಿಸುವಾಗ ತಿರುಗಿಸಿ ಹಾಗೇ ಬಿಟ್ಟಿದ್ದಾರೆ ಎಂದುಕೊಂಡು ಸರಿಮಾಡಲು ಹೋಗುತ್ತಾರೆ. ಮಾವ ಅದನ್ನು ಮತ್ತೆ ಗೋಡೆಯತ್ತ ತಿರುಗಿಸುತ್ತಾನೆ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಅಪ್ಪ ತೀರಿಕೊಂಡಾಗ ನಾನಿನ್ನೂ ಚಡ್ಡಿಯ ಲಾಡಿ ಕಟ್ಟಿಕೊಳ್ಳಲು ಬಾರದವನು. ಆಮೇಲೆ ನನ್ನ ಕೈಗೆ ಕತ್ತರಿ ಕೊಟ್ಟವನು, ತಿಂಗಳಾದರೆ ಸಂಬಳ ಕೊಡುವವನು, ಕೊಡುವಾಗ ತಲೆಗೊಂದು ಮೊಟಕುವವನು, ಎಲ್ಲ ಅವನೇ. ನಮ್ಮದು ಕೈಯಷ್ಟೇ ಬಾಯಿಯೂ ಓಡಬೇಕಾದ ಕಸುಬು. ಮಾವನಿಗೆ ಕೈ ಇತ್ತು, ಬಾಯಿ ಇರಲಿಲ್ಲ. ಆ ಖಾತೆಯನ್ನು ನಾನು ವಹಿಸಿಕೊಂಡೆ. ಬೀದಿಯವರು ಅವನಿಗೆ ಮೂಕಕತ್ತರಿ ಎಂದೂ ನನಗೆ ರೇಡಿಯೋ ಎಂದೂ ಹೆಸರಿಟ್ಟರು. ರೇಡಿಯೋವನ್ನಾದರೆ ಕಿವಿ ಹಿಂಡಿ ನಿಲ್ಲಿಸಬಹುದು, ಇವನನ್ನು ನಿಲ್ಲಿಸಲು ಕಟಿಂಗೇ ಮುಗಿಯಬೇಕು ಎಂದು ಪಕ್ಕದ ಟೈಲರ್ ಹೇಳುತ್ತಿದ್ದ.

ಒಳಗಿನ ಕುರ್ಚಿ ಸೈನ್ಯದ ತರಬೇತಿಗೆ ಹೊರಟ ಹುಡುಗರದ್ದು. ನಮ್ಮಲ್ಲಿ ಗಂಡುಹುಡುಗರು ವಯಸ್ಸಿಗೆ ಬಂದ ಮೇಲೆ ಕರೆ ಬರುತ್ತದೆ. ಬಂದರೆ ಹೋಗಬೇಕು, ಇಷ್ಟವೋ ಕಷ್ಟವೋ ಯಾರೂ ಕೇಳುವುದಿಲ್ಲ. ಅವರನ್ನು ಒಯ್ಯುವ ಬಸ್ಸು ನಮ್ಮ ಅಂಗಡಿಯ ಎದುರಿನ ನಿಲ್ದಾಣದಿಂದಲೇ ಹೊರಡುತ್ತದೆ. ತಲೆ ನುಣ್ಣಗೆ ಮಾಡಿಸಿಕೊಂಡೇ ಬರಬೇಕು ಎಂಬುದು ಅಲ್ಲಿಯ ಕಟ್ಟಪ್ಪಣೆ. ಹೀಗಾಗಿ ಬಸ್ಸು ಹೊರಡುವ ಹಿಂದಿನ ದಿನ ನಮಗೆ ಸುಗ್ಗಿ. ಹುಡುಗರು ಒಳಗೆ, ಅವರ ತಾಯಂದಿರು ಹೊರಗಿನ ಬೆಂಚಿನ ಮೇಲೆ.

ಮಾವ ಆ ಹುಡುಗರಿಗೆ ಬಿಳಿ ಬಟ್ಟೆ ಹೊದಿಸುತ್ತಾನೆ, ಮಿಷನ್ ಹಚ್ಚುತ್ತಾನೆ, ಹಣೆಯಿಂದ ನೆತ್ತಿಗೆ, ಕತ್ತಿನಿಂದ ನೆತ್ತಿಗೆ ಓಡಿಸುತ್ತಾನೆ. ಮುಗಿದ ಮೇಲೆ ಒಂದೇ ಮಾತು: "ಮೊದ್ಲು ಕೈ, ಆಮೇಲೆ ಕಣ್ಣು." ಹುಡುಗ ಬಟ್ಟೆಯೊಳಗಿನಿಂದ ಎರಡೂ ಕೈ ಹೊರತೆಗೆದು ತನ್ನ ತಲೆಯನ್ನು ತಾನೇ ಸವರಿಕೊಳ್ಳಬೇಕು. ನೆತ್ತಿ, ಕಿವಿಯ ಹಿಂದೆ, ಹಿಂದಲೆಯ ಗುಂಡಿ, ಎಲ್ಲ ಕಡೆ. ಅವನು ಕೈ ಇಳಿಸುವವರೆಗೆ ಮಾವ ಕಾಯುತ್ತಾನೆ. ಅದಾದ ಮೇಲಷ್ಟೇ ಕುರ್ಚಿ ಕನ್ನಡಿಯತ್ತ ತಿರುಗುತ್ತದೆ. ಇದೇಕೆ ಎಂದು ಕೇಳಿದರೆ ಅವನು ಉತ್ತರ ಕೊಡುವವನಲ್ಲ. ಅವನ ಬದಲು ನಾನು ಕೊಡುತ್ತಿದ್ದೆ: ಮಾವನಿಗೆ ತನ್ನ ಕೆಲಸದ ಮೇಲೆ ತನಗೇ ನಂಬಿಕೆಯಿಲ್ಲ, ಅದಕ್ಕೇ ಕನ್ನಡಿಯನ್ನು ತಡಮಾಡಿ ತೋರಿಸುತ್ತಾನೆ. ಗಿರಾಕಿಗಳು ನಗುತ್ತಿದ್ದರು. ಗೋಡೆಯ ಕುರ್ಚಿಯಲ್ಲಿ ಕೂತವರು ಮಾತ್ರ ನಗುತ್ತಿರಲಿಲ್ಲ.

ಅವರು ನಗದಿರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಗುಡುಗಪ್ಪ. ತರಬೇತಿಯ ಮೈದಾನದಲ್ಲಿ ಗುಡುಗಪ್ಪ ಎಂಬೊಬ್ಬ ಮೇಷ್ಟ್ರಿದ್ದಾನೆ, ಅವನು ಕೂಗಿದರೆ ಮರದ ಮೇಲಿನ ಕಾಗೆಗಳೂ ಸಾಲಾಗಿ ನಿಲ್ಲುತ್ತವೆ, ಬೂಟಿನ ಸದ್ದು ಕೇಳಿಯೇ ಯಾರಿಗೆ ಹೆದರಿಕೆಯಾಗಿದೆ ಎಂದು ಹೇಳುತ್ತಾನೆ, ಹೆದರಿದವನನ್ನೇ ಸಾಲಿನಿಂದ ಹೊರಗೆ ಕರೆಯುತ್ತಾನೆ. ಈ ಗುಡುಗಪ್ಪನನ್ನು ಯಾರು ಹುಟ್ಟಿಸಿದರೋ ಗೊತ್ತಿಲ್ಲ. ಬೀದಿಯಲ್ಲಿ ಮೊದಲಿನಿಂದಲೂ ಇದ್ದ. ಮೀಸೆ ಇಟ್ಟಿದ್ದು ಮಾತ್ರ ನಾನು. ಸೈಕಲ್ ಹ್ಯಾಂಡಲಿನಂಥ ಮೀಸೆ. ಕಟಿಂಗ್ ಮಾಡುವವನಿಗೆ ಮೀಸೆಯಿಲ್ಲದ ಮನುಷ್ಯನನ್ನು ಕಲ್ಪಿಸಿಕೊಳ್ಳುವುದು ಸ್ವಲ್ಪ ಕಷ್ಟ.

ಹೀಗಿರುವಾಗ ನನಗೇ ಕರೆ ಬಂತು.

ಬರುತ್ತದೆಂದು ಗೊತ್ತಿತ್ತು. ಆದರೂ ಮಳೆ ಬರುತ್ತದೆಂದು ಗೊತ್ತಿರುವುದು ಬೇರೆ, ಕೊಡೆ ಮನೆಯಲ್ಲಿ ಬಿಟ್ಟು ನಡುರಸ್ತೆಯಲ್ಲಿ ನೆನೆಯುವುದು ಬೇರೆ. ಕರೆಯ ಕಾಗದವನ್ನು ಮಾವನಿಗೆ ತೋರಿಸಿದೆ. ಅವನು ಓದಿ ಮಡಚಿ ನನ್ನ ಜೇಬಿಗೇ ತುರುಕಿ, ಪೊರಕೆ ತೆಗೆದುಕೊಂಡು ನೆಲ ಗುಡಿಸತೊಡಗಿದ. ನೆಲವನ್ನು ಆಗಷ್ಟೇ ನಾನು ಗುಡಿಸಿದ್ದೆ. ಒಂದು ಕೂದಲೂ ಇರಲಿಲ್ಲ.

ಮರುದಿನದಿಂದ ಬೀದಿಯ ಪ್ರತಿಯೊಬ್ಬನೂ ನನಗೆ ಮೇಷ್ಟ್ರಾದ. ಟೈಲರ್ ಎದೆ ಅಳತೆ ತೆಗೆದು, ಇದನ್ನು ಎದೆ ಎನ್ನುವುದಕ್ಕಿಂತ ಬೆನ್ನಿನ ಮುಂಭಾಗ ಎನ್ನಬಹುದು ಎಂದ. ಹಾಲಿನ ಬೂತಿನವನು ದಿನಾ ಬೆಳಿಗ್ಗೆ ಓಡಲು ಹೇಳಿದ. ಓಡಿದೆ. ನಾನೇ ಬಿಸ್ಕತ್ತು ಹಾಕಿ ಸಾಕಿದ ಬೀದಿನಾಯಿ, ನಾನು ಓಡುವುದನ್ನು ಹುಟ್ಟಿದಾಗಿನಿಂದ ನೋಡಿರದಿದ್ದರಿಂದ, ಕಳ್ಳನೆಂದುಕೊಂಡು ಅಟ್ಟಿಸಿಕೊಂಡು ಬಂತು. ಆ ದಿನ ಮಾತ್ರ ನನ್ನ ವೇಗ ಮೆಚ್ಚುವಂತಿತ್ತು. ಇಬ್ಬರು ಗಿರಾಕಿಗಳ ನಡುವಿನ ಬಿಡುವಿನಲ್ಲಿ ನೆಲದ ಮೇಲೆ ದಂಡ ಹೊಡೆಯಲು ಹೋಗಿ, ಕೆಳಗಿಳಿದವನು ಮೇಲೇಳಲಾಗದೆ ಬಿದ್ದುಕೊಂಡಿದ್ದೆ; ಬಾಗಿಲಿಗೆ ಬಂದ ಗಿರಾಕಿ ಏನಾದರೂ ಬಿದ್ದುಹೋಯಿತಾ ಎಂದು ಕೇಳಿದ. ಹೌದು, ಬ್ಲೇಡು ಎಂದೆ. ಪಾಪ, ಅವನೂ ಬಗ್ಗಿ ಹುಡುಕಿದ.

ಹೀಗೆ ನಗಿಸುವಂಥದ್ದೆಲ್ಲ ಹಗಲಲ್ಲಿ ಜನರಿದ್ದಾಗ. ಒಬ್ಬನೇ ಇದ್ದಾಗ ಬೇರೆಯೇ ಕಥೆ. ಎದುರಿನ ನಿಲ್ದಾಣದಲ್ಲಿ ಕಂಡಕ್ಟರ್ ಸೀಟಿ ಊದಿದರೂ ಬೆನ್ನು ನೆಟ್ಟಗಾಗುತ್ತಿತ್ತು, ಅಂಗೈ ಬೆವರುತ್ತಿತ್ತು. ಚಿಕ್ಕಂದಿನಿಂದಲೂ ನನಗೆ ಈ ರೋಗ: ಯಾರಾದರೂ ಗಟ್ಟಿಯಾಗಿ ಗದರಿಸಿದರೆ ಕೈ ಮರಗಟ್ಟುತ್ತದೆ, ಹಿಡಿದದ್ದು ಜಾರುತ್ತದೆ. ಶಾಲೆಯಲ್ಲಿ ಸ್ಲೇಟು ಜಾರಿತ್ತು. ಅಲ್ಲಿ ಜಾರುವುದು ಬಂದೂಕು.

ಆ ದಿನಗಳಲ್ಲೇ ಬೇಕರಿಯ ಮಾಲು ಹಂಚುವವನು ನನ್ನ ಕುರ್ಚಿಯಲ್ಲಿ ಕೂತ. ಹೋದ ವರ್ಷ ತರಬೇತಿ ಮುಗಿಸಿ ಬಂದವನು. ನನಗೆ ಕರೆ ಬಂದದ್ದು ಕೇಳಿ ಕನ್ನಡಿಯಲ್ಲೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗುಡುಗಪ್ಪನ ಕೈಗೆ ಸಿಗಬೇಡ ಎಂದು ಎಚ್ಚರಿಸಿದ. ನೀನು ಅವನನ್ನು ಕಣ್ಣಾರೆ ಕಂಡಿದ್ದೀಯಾ ಎಂದು ಕೇಳಿದೆ.

"ನಮ್ ತುಕಡೀಲಿ ಇರ್ಲಿಲ್ಲ, ಪಕ್ಕದ್ ತುಕಡೀಲಿದ್ದ. ಏನ್ ಮೀಸೆ ಅಂತೀಯಾ, ಥೇಟ್ ಸೈಕಲ್ ಹ್ಯಾಂಡಲ್ಲು."

ಆ ಮೀಸೆ ನನ್ನದು. ಈ ಅಂಗಡಿಯಲ್ಲೇ, ಇದೇ ಕನ್ನಡಿಯ ಮುಂದೆ ನಾನು ಬೆಳೆಸಿದ ಮೀಸೆ. ಅದು ಬಸ್ಸು ಹತ್ತಿ, ಗೇಟು ದಾಟಿ, ತರಬೇತಿ ಮುಗಿಸಿ ವಾಪಸು ಬಂದಿತ್ತು. ನಗು ಬರಬೇಕಿತ್ತು. ಬರಲಿಲ್ಲ. ಕತ್ತರಿಯ ತುದಿ ಅವನ ಕಿವಿಗೆ ತಾಗಿ ಒಂದು ಹನಿ ರಕ್ತ ಬಂತು. ಪಟಿಕ ಒತ್ತುತ್ತ ಕ್ಷಮೆ ಕೇಳಿದೆ. ಅವನೇ ನನ್ನನ್ನು ಸಮಾಧಾನ ಮಾಡಿದ.

ಆದರೆ ನಿಜವಾಗಿ ನನ್ನ ಜೀವ ಹಿಂಡಿದ್ದು ಗುಡುಗಪ್ಪನಲ್ಲ, ಸೈಕಲ್ ರಿಪೇರಿಯವನ ಮಗ. ಅವನು ಹೋಗುವಾಗ ನೆಟ್ಟಗೆ ಹೋದವನು, ಎಡಗಾಲು ಎಳೆಯುತ್ತ ಬಂದ. ಗೋಡೆ ಹಾರುವಾಗ ಬಿದ್ದ ಎಂದು ಅವನ ತಾಯಿ ಹೇಳುತ್ತಿದ್ದಳು. ಅವನು ಕೂದಲು ಕತ್ತರಿಸಿಕೊಳ್ಳಲು ಬಂದಾಗ ಎದುರಿನ ರಸ್ತೆಯಲ್ಲಿ ಲಾರಿಯೊಂದರ ಟೈರು ಸಿಡಿಯಿತು. ಅವನ ಹತ್ತೂ ಬೆರಳು ಕುರ್ಚಿಯ ಕೈಗಳನ್ನು ಕಚ್ಚಿ ಹಿಡಿದವು. ಅಲ್ಲೇನಾಯಿತು ಎಂದು ಮೆಲ್ಲಗೆ ಕೇಳಿದೆ. "ಏನಿಲ್ಲ" ಎಂದ. ಗುಡುಗಪ್ಪನಿಗೆ ನಾನು ಎಷ್ಟೇ ಬಣ್ಣ ಹಚ್ಚಿದರೂ ಆ ಮೂರಕ್ಷರದ ಮಾತಿನಷ್ಟು ಹೆದರಿಸಲು ಆಗಿರಲಿಲ್ಲ. ಅವನು ಹೋದ ಮೇಲೆ ಕುರ್ಚಿಯ ಕೈ ಒರೆಸಿದೆ. ಬೆವರಿನ ಹತ್ತು ಗುರುತು.

ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ಕರೆ ಬಂದಾಗಿನಿಂದ ಅವಳು ನನ್ನ ಬ್ಯಾಗು ತುಂಬುವುದು, ತೆಗೆಯುವುದು, ಮತ್ತೆ ತುಂಬುವುದು. ಬನಿಯನ್ನಿಗೂ ಟವೆಲ್ಲಿಗೂ ಆಸ್ಪತ್ರೆಯ ಮಡಿಕೆ, ಮೂಲೆಗೆ ಮೂಲೆ. ಒಂದು ಸಂಜೆ ಬ್ಯಾಗಿನ ಜಿಪ್ಪು ಎಳೆಯುತ್ತ, ತಲೆಯೆತ್ತದೆ, ಉಪ್ಪು ತೀರಿದೆ ತಗೊಂಡು ಬಾ ಎನ್ನುವ ದನಿಯಲ್ಲಿ ಹೇಳಿದಳು:

"ದೊಡ್ಡಮ್ಮನ ಊರಿನ ಬಸ್ಸೂ ಅದೇ ಹೊತ್ತಿಗೆ ಅಲ್ಲಿಂದ್ಲೇ ಹೊರಡುತ್ತೆ. ಪಕ್ಕದಲ್ಲೇ ನಿಂತಿರುತ್ತೆ. ಯಾರೂ ನೋಡಲ್ಲ."

ರೇಡಿಯೋ ಅಂದಿನಿಂದಲೇ ಕೆಟ್ಟಿತು. ದೊಡ್ಡಮ್ಮನ ಮನೆಯ ಹಿತ್ತಿಲಲ್ಲಿ ಒಂದು ಕೋಣೆಯಿತ್ತು. ಅಲ್ಲಿರಬಹುದು, ಗಲಾಟೆ ತಣ್ಣಗಾದ ಮೇಲೆ ಎಲ್ಲೋ ದೂರದ ಸಲೂನಿನಲ್ಲಿ ಕೆಲಸ ಹಿಡಿಯಬಹುದು. ಹಾವೂ ಸಾಯುತ್ತದೆ, ಕೋಲೂ ಮುರಿಯದು. ಆ ಬಸ್ಸಿನ ಕಿಟಕಿಯ ಪಕ್ಕ ಕೂತಂತೆ ಊಹಿಸಿಕೊಂಡರೆ ಒಂದು ಗಳಿಗೆ ಹಾಯೆನಿಸುತ್ತಿತ್ತು. ಆಮೇಲೆ ಹೆದರಿಕೆ ಮತ್ತೆ ಶುರು. ಹೋಗದವರನ್ನು ಹುಡುಕಿಕೊಂಡು ಬರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ.

ಹೊರಡುವ ಹಿಂದಿನ ದಿನ ಬಂತು. ಮಾವ ಉಳಿದ ಹುಡುಗರ ತಲೆಗಳನ್ನೆಲ್ಲ ಮುಗಿಸಿದ. ಪ್ರತಿಯೊಬ್ಬರೂ ಕೈಯಿಟ್ಟು ನೋಡಿಕೊಂಡರು, ಕನ್ನಡಿ ನೋಡಿದರು, ಹೋದರು. ಇಳಿಹೊತ್ತಿಗೆ ಅಮ್ಮ ಲಾಂಡ್ರಿಯಿಂದ ನೇರ ಬಂದು ಹೊರಗಿನ ಬೆಂಚಿನ ಮೇಲೆ ಕೂತಳು. ಬೆಂಚು ಪೂರ್ತಿ ಖಾಲಿಯಿದ್ದರೂ ಅಂಚಿನಲ್ಲಿ ಕೂತಿದ್ದಳು. ಮಾವ ಬಾಗಿಲ ಪರದೆ ಎಳೆದ. ನಾನು ಗೋಡೆಯ ಕುರ್ಚಿಯಲ್ಲಿ ಕೂತೆ. ಎಷ್ಟೋ ಸಲ ಒರೆಸಿದ ಕುರ್ಚಿ. ಕೂತದ್ದು ಅದೇ ಮೊದಲು. ಎದುರಿಗೆ ಬರಿಗೋಡೆ, ಮೊಳೆ.

ಬಿಳಿ ಬಟ್ಟೆ ಕತ್ತಿನ ಸುತ್ತ ಬಂತು. ಮಿಷನ್ ಚಾಲೂ ಆಯಿತು, ತಲೆಯ ಹತ್ತಿರ ಬಂತು, ನಿಂತಿತು, ದೂರ ಹೋಯಿತು. ಮತ್ತೆ ಬಂತು. ಮತ್ತೆ ಹೋಯಿತು. ಕೊನೆಗೆ ಸದ್ದೇ ನಿಂತಿತು. ತಿರುಗಿ ನೋಡಿದೆ. ಮಿಷನ್ ಹಿಡಿದ ಮಾವನ ಕೈ ನಡುಗುತ್ತಿತ್ತು. ಊರಿನ ಅರ್ಧ ತಲೆಗಳನ್ನು ಒಂದು ಗೀರೂ ಬೀಳದಂತೆ ಬೋಳಿಸಿದ ಕೈ.

"ಅಲ್ಲಾಡ್ಬೇಡ" ಎಂದ. ಅಲ್ಲಾಡುತ್ತಿದ್ದವನು ಅವನು.

ನಾನು ಮತ್ತೆ ಗೋಡೆ ನೋಡಿದೆ. ಹಿಂದಿನಿಂದ ಅವನ ದನಿ ಬಂತು.

"ಇದನ್ನ ತೆಗೆದ ಮೇಲೆ ವಾಪಸ್ ಅಂಟ್ಸೋಕಾಗಲ್ಲ ಕಣೋ. ಬೋಳು ತಲೆ ಹೊತ್ಕೊಂಡು ನೀನು ದೊಡ್ಡಮ್ಮನ ಊರಿನ ಬಸ್ ಹತ್ತಿದ್ರೆ ಚಿಕ್ಕ ಮಗೂನೂ ಹೇಳುತ್ತೆ ನೀನು ಎಲ್ಲಿಗೆ ಹೋಗ್ಬೇಕಿತ್ತು ಅಂತ. ಅಕ್ಕ ನಿಂಗೆ ಏನ್ ಹೇಳಿದಾಳೆ ಅಂತ ನಂಗ್ಗೊತ್ತು. ಹೇಳು, ಹಚ್ಲಾ, ಬೇಡ್ವಾ?"

ನಿನಗೆ ಹೇಗೆ ಗೊತ್ತು ಎಂದು ಕೇಳಿದೆ.

"ನಂಗೂ ಅದೇ ಹೇಳಿದ್ಲು."

ಅಷ್ಟು ವರ್ಷಗಳಲ್ಲಿ ಮಾವ ಒಟ್ಟಾರೆ ಆಡಿದ್ದಕ್ಕಿಂತ ಹೆಚ್ಚು ಮಾತು ಆಮೇಲೆ ಬಂತು, ಅದೂ ತುಂಡು ತುಂಡಾಗಿ. ಅವನಿಗೆ ಕರೆ ಬಂದಾಗ ಅಮ್ಮನಿಗೆ ಆಗಷ್ಟೇ ಮದುವೆಯಾಗಿತ್ತು. ತಮ್ಮನನ್ನು ಬಸ್ಸು ಹತ್ತಲು ಬಿಡದೆ ಗಂಡನ ಮನೆಯ ಅಟ್ಟಕ್ಕೆ ಹತ್ತಿಸಿದಳು. ಒಂದು ಬೇಸಿಗೆ ಪೂರ್ತಿ ಅವನು ಆ ಅಟ್ಟದಲ್ಲಿದ್ದ. ನಿಂತರೆ ತಲೆ ಹೆಂಚಿಗೆ ತಾಗುತ್ತಿತ್ತು. ಕೆಳಗೆ ಯಾರೇ ಬಾಗಿಲು ತಟ್ಟಲಿ, ಹಾಲಿನವನಾಗಲಿ ನೆಂಟರಾಗಲಿ, ಇವನು ಬಾಯಿಗೆ ಟವೆಲ್ ತುರುಕಿಕೊಂಡು ಕೂರುತ್ತಿದ್ದ, ಎಲ್ಲಿ ಕೆಮ್ಮು ಬರುತ್ತದೋ ಎಂದು. ಮಾತು ಬಿಟ್ಟುಹೋದದ್ದು ಅಲ್ಲೇ. ಕೊನೆಗೆ ಯಾರೂ ಹಿಡಿಯಲಿಲ್ಲ, ಯಾರೂ ಹೇಳಿಕೊಡಲಿಲ್ಲ; ಒಂದು ಮಧ್ಯಾಹ್ನ ತಾನೇ ಏಣಿ ಇಳಿದು, ನಡೆದುಕೊಂಡು ಹೋಗಿ ತರಬೇತಿಯ ಗೇಟಿನ ಮುಂದೆ ನಿಂತ. ಅವರು ಮೊದಲು ಬೈದರು, ಆಮೇಲೆ ಕಿವಿ ಮುಚ್ಚಿದ್ದ ಕೂದಲು ತೆಗೆದು, ಗಡಕ್ಕನೆ ಕನ್ನಡಿಯತ್ತ ತಿರುಗಿಸಿದರು.

"ಕನ್ನಡೀಲಿದ್ದೋನು ಯಾರು ಅಂತಾನೇ ತಿಳೀಲಿಲ್ಲ. ಬೇರೆ ಯಾರೋ ಅನ್ಕೊಂಡು ಹಿಂದೆ ತಿರುಗಿ ನೋಡ್ದೆ. ಎಲ್ರೂ ನಕ್ರು. ಆಮೇಲೆ ಕೈಯಿಟ್ಟು ನೋಡ್ಕೊಂಡೆ. ಚಿಕ್ಕಂದಲ್ಲಿ ಬಿದ್ದ ಗಾಯದ ಗುರುತು ಸಿಕ್ತು, ಇಲ್ಲಿ. ಆಗ ಗೊತ್ತಾಯ್ತು ನಾನೇ ಅಂತ."

ಅಲ್ಲಿ ಹೆದರಿಕೆ ಹೋಯಿತಾ ಎಂದು ಕೇಳಿದೆ. ನನಗೆ ಬೇಕಾಗಿದ್ದ ಉತ್ತರ ಒಂದೇ. ಮಾವ ಅದನ್ನು ಕೊಡಲಿಲ್ಲ.

"ಎಲ್ಲಿ ಹೋಗುತ್ತೆ? ದಿನಾ ಇತ್ತು. ಆದ್ರೆ ಅಟ್ಟದ್ ಹೆದರಿಕೆಗೆ ಬಾಗಿಲು ಯಾರು ತಟ್ತಾರೆ ಅಂತ ಗೊತ್ತಿರ್ಲಿಲ್ಲ. ಅಲ್ಲಿನದಕ್ಕೆ ಒಂದು ಮುಖ ಇತ್ತು." ಆಮೇಲೆ ಸೇರಿಸಿದ: "ನಂಗಾಗಿದ್ದು ನಿಂಗೂ ಆಗುತ್ತೆ ಅಂತ ಅಲ್ಲ. ಸೈಕಲ್ಲಿನೋನ ಮಗನ್ನ ನಾನೂ ನೋಡ್ತಾ ಇರ್ತೀನಿ. ಅದಕ್ಕೇ ಕೈ ಬರ್ತಿಲ್ಲ. ನೀನೇ ಹೇಳ್ಬೇಕು."

ಪರದೆಯ ಆಚೆ ಬೆಂಚು ಕಿರುಗುಟ್ಟಿತು. ಅಮ್ಮನಿಗೆ ಎಲ್ಲ ಕೇಳಿಸಿತ್ತು. ಅವಳು ಒಳಗೆ ಬರಲಿಲ್ಲ. ನಾನು ಮೊಳೆಯನ್ನೇ ನೋಡಿದೆ. ಅಂಗೈಯ ಬೆವರನ್ನು ಬಟ್ಟೆಯೊಳಗೇ ಪ್ಯಾಂಟಿಗೆ ಒರೆಸಿಕೊಂಡೆ. ದೊಡ್ಡಮ್ಮನ ಹಿತ್ತಿಲ ಕೋಣೆ, ಅದರ ಬಾಗಿಲು, ಬಾಗಿಲ ಮೇಲೆ ಯಾರದೋ ಗೆಣ್ಣಿನ ಸದ್ದು. ಹಾಲಿನವನಿರಬಹುದು. ಅಲ್ಲದೆಯೂ ಇರಬಹುದು. ನಾನು ಮಾತಿಲ್ಲದೆ ಒಂದು ಬೆಳಗು ಕಳೆಯಲಾರದವನು. ಬಾಯಿಗೆ ಟವೆಲ್ ತುರುಕಿಕೊಂಡು ಒಂದು ಬೇಸಿಗೆ?

ಧೈರ್ಯ ಬಂತು ಎಂದು ಬರೆದರೆ ಬೀದಿಯವರು ನಗುತ್ತಾರೆ. ಬರಲಿಲ್ಲ. ಎರಡು ಹೆದರಿಕೆಗಳಲ್ಲಿ ಮಾತಾಡಲು ಬಿಡುವುದು ಯಾವುದು ಎಂದಷ್ಟೇ ನೋಡಿಕೊಂಡೆ.

"ಹಚ್ಚು ಮಾವ."

ಹಣೆಯಿಂದ ಮೊದಲ ಪಟ್ಟಿ ಬಿತ್ತು. ಕೂದಲು ತೊಡೆಯ ಮೇಲೆ ಬಿತ್ತು. ಮಿಷನ್ ಒಮ್ಮೆ ಒತ್ತುತ್ತಿತ್ತು, ಒಮ್ಮೆ ತಾಗದೆಯೇ ಹೋಗುತ್ತಿತ್ತು. ಹೇಗೋ ಮುಗಿಯಿತು. ಅವನ ಮಾತಿಗಾಗಿ ಕಾದೆ. ಅವನು ಬಾಯಿ ತೆರೆಯುವ ಮೊದಲೇ ಪರದೆ ಸರಿಯಿತು, ಅಮ್ಮ ಬಂದು ಎರಡೂ ಅಂಗೈ ನನ್ನ ತಲೆಯ ಮೇಲಿಟ್ಟಳು. ಇಸ್ತ್ರಿ ಹಿಡಿದು ಹಿಡಿದು ದಡ್ಡುಗಟ್ಟಿದ ಅಂಗೈ, ಆ ಹೊತ್ತಿಗೂ ಬಿಸಿ. ನೆತ್ತಿ ಸವರಿದಳು, ಹಿಂದಲೆ ಸವರಿದಳು. ಬಲಗಿವಿಯ ಹಿಂದೆ ಅವಳ ಬೆರಳು ನಿಂತಿತು. ಅಲ್ಲೊಂದು ಸಣ್ಣ ಕುಚ್ಚು ಉಳಿದುಬಿಟ್ಟಿತ್ತು. ಗೋಡೆಯ ಕುರ್ಚಿಯ ಇತಿಹಾಸದಲ್ಲೇ ಮೊದಲ ಕುಚ್ಚು.

ಮಾವ ಆಗಲೇ ಬೆನ್ನು ತಿರುಗಿಸಿ ಪೊರಕೆ ಹಿಡಿದಿದ್ದ. ಅಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಅವನಿಗೆ ಹೇಳ್ಬೇಡ. ನೊಂದ್ಕೋತಾನೆ."

ಮನೆಯಲ್ಲಿ ನನ್ನದೇ ಮಿಷನ್ ಇತ್ತು. ಕೈ ಹಿಂದೆ ಹಾಕಿದರೆ ಒಂದು ಗಳಿಗೆಯ ಕೆಲಸ. ಇಂಥ ತಲೆ ಹೊತ್ತು ಹೋದರೆ ಸಾಲಿನಲ್ಲಿ ಮೊದಲು ಕಣ್ಣಿಗೆ ಬೀಳುವವನು ನಾನೇ ಎಂದೂ ಗೊತ್ತಿತ್ತು. ಆದರೂ ತೆಗೆಯಲಿಲ್ಲ. ಬೆಳಗಾಗುವವರೆಗೆ ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು, ನಾಲಿಗೆ ನೋಯುವ ಹಲ್ಲಿಗೆ ಹೋಗುವಂತೆ.

ಮರುದಿನ ನಿಲ್ದಾಣದಲ್ಲಿ ಎರಡೂ ಬಸ್ಸುಗಳು ಪಕ್ಕಪಕ್ಕದಲ್ಲೇ ನಿಂತಿದ್ದವು. ಅಮ್ಮ ಬ್ಯಾಗು ಹಿಡಿದು ಎರಡರ ನಡುವೆ ನಿಂತಳು. ದೊಡ್ಡಮ್ಮನ ಊರಿನ ಬಸ್ಸಿನ ಕಂಡಕ್ಟರ್ ನನ್ನ ತಲೆ ನೋಡಿ, ತಾನಾಗಿಯೇ ಆ ಕಡೆಯ ಬಸ್ಸಿಗೆ ಬೆರಳು ತೋರಿಸಿದ. ಅಮ್ಮ ಬ್ಯಾಗನ್ನು ನನ್ನ ಕೈಗೆ ಕೊಟ್ಟಳು. ಕೊಡುವಾಗ ಹಿಡಿಯನ್ನು ಬೇಗ ಬಿಡಲಿಲ್ಲ, ಅಷ್ಟೇ. ಮಾವ ರಸ್ತೆ ದಾಟಿ ಬರಲಿಲ್ಲ. ಬಸ್ಸು ತಿರುಗುವಾಗ ಕಿಟಕಿಯಿಂದ ಕಂಡ. ಅಂಗಡಿಯ ಮುಂದೆ ಗುಡಿಸುತ್ತಿದ್ದ. ಅಂಗಡಿ ಇನ್ನೂ ತೆರೆದಿರಲಿಲ್ಲ.

ನನ್ನ ಪಕ್ಕ ಕೂತವನು ನಿನ್ನೆ ನಮ್ಮಲ್ಲೇ ತಲೆ ಮಾಡಿಸಿಕೊಂಡವನು, ತರಕಾರಿ ಮಂಡಿಯಲ್ಲಿ ತೂಕಕ್ಕೆ ನಿಲ್ಲುವ ಹುಡುಗ. ನನ್ನನ್ನು ಬೋಳುತಲೆಯಲ್ಲಿ ಗುರುತಿಸಲಿಲ್ಲ. ದಾರಿಯುದ್ದಕ್ಕೂ ಅವನ ಮೊಣಕಾಲು ನನ್ನ ಮೊಣಕಾಲಿಗೆ ತಾಗಿ ತಾಗಿ ನಡುಗುತ್ತಿತ್ತು, ಅಥವಾ ನನ್ನದು ಅವನದಕ್ಕೆ. ರಸ್ತೆ ಕೆಟ್ಟದಾಗಿದೆ ಎಂದು ಅವನು ಗೊಣಗಿದ, ನಾನು ಹೌದೆಂದು ತಲೆಯಾಡಿಸಿದೆ. ರಸ್ತೆ ಚೆನ್ನಾಗಿಯೇ ಇತ್ತು.

ಉದ್ದನೆಯ ಗೋಡೆಯೊಂದು ಶುರುವಾಗಿ ಮುಗಿಯದೆ ಬಹಳ ದೂರ ನಮ್ಮ ಜೊತೆ ಬಂತು. ಗೇಟಿನ ಮುಂದೆ ಬಸ್ಸು ನಿಂತಿತು, ಇಂಜಿನ್ನೂ ನಿಂತಿತು. ಬಸ್ಸಿನೊಳಗೆ ಯಾರೂ ಕೆಮ್ಮಲಿಲ್ಲ. ಮಂಡಿಯ ಹುಡುಗ ನನ್ನ ಕಡೆ ಬಾಗಿ ಪಿಸುಗುಟ್ಟಿದ.

"ಇಲ್ಲಿ ಗುಡುಗಪ್ಪ ಅಂತ ಒಬ್ಬ ಇದಾನಂತಲ್ಲ. ಬೂಟಿನ್ ಸದ್ದಲ್ಲೇ ಹೆದರಿದೋರ್ನ ಕಂಡುಹಿಡೀತಾನಂತೆ. ಸೈಕಲ್ ಹ್ಯಾಂಡಲ್ ಥರ ಮೀಸೆಯಂತೆ. ನಿಜಾನಾ?"

ನನಗೆ ದನಿ ಬಂತು. ಬೆಳಗಿನಿಂದ ಅದೇ ಮೊದಲು.

"ಮೀಸೆ ಸುಳ್ಳು" ಎಂದೆ. "ಉಳಿದಿದ್ದು ನಂಗ್ಗೊತ್ತಿಲ್ಲ."

ಹೊರಗೆ ಜಲ್ಲಿಕಲ್ಲಿನ ಮೇಲೆ ಬೂಟಿನ ಸದ್ದು ಹತ್ತಿರವಾಗತೊಡಗಿತು. ನನ್ನ ಕೈ ತನ್ನಷ್ಟಕ್ಕೆ ಬಲಗಿವಿಯ ಹಿಂದೆ ಹೋಯಿತು. ಕುಚ್ಚು ಅಲ್ಲೇ ಇತ್ತು. ಬಸ್ಸಿನ ಬಾಗಿಲು ತೆರೆಯಿತು.